ಬೀದಿಗೂ ರಸ್ತೆಗೂ ತಕ್ಕ ಸಾಲುಮರಗಳ ಆಯ್ಕೆ

ದಾರಿಯ ಮಗ್ಗುಲಲ್ಲಿ ನೆರಳಿಗಾಗಿ ಸಾಲಾಗಿ ನೆಟ್ಟು ಬೆಳೆಸಿದ ಮರಗಳಿಗೆ ಸಾಲುಮರಗಳೆಂದು ಹೆಸರು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡಿಸುವುದು, ಸಾಲುಮರ ಹಾಕಿಸುವುದು ಇವೆಲ್ಲವೂ ಬಹುಕಾಲದಿಂದ ಧರ್ಮಕಾರ್ಯಗಳೆಂದು ಎಣಿಸಲ್ಪಟ್ಟಿವೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿದ್ದ ಅಶೋಕ ಚಕ್ರವರ್ತಿಯು ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿಯೂ, ಮಾವಿನ ತೋಪುಗಳನ್ನು ಹಾಕಿಸಿದುದಾಗಿಯೂ ತನ್ನ 7ನೆಯ ಸ್ತಂಭಶಾಸನದಲ್ಲಿ ಹೇಳಿದ್ದಾನೆ. ಆಗಿನ ದಾರಿಗೆ ಟಾರಿನ ಅಂಚಾಗಲಿ, ಮೇಲೆ ವಿದ್ಯುತ್ ತಂತಿಯಾಗಲಿ, ಪಕ್ಕದಲ್ಲಿ ಸಿಮೆಂಟಿನ ಚರಂಡಿಯಾಗಲಿ ಇರಲಿಲ್ಲ. ಈಗ ಹಳ್ಳಿಯ ಬೀದಿ ಇಕ್ಕಟ್ಟಾಗಿದೆ. ಊರ ಹೊರಗಿನ ರಸ್ತೆಯು ದಿನೇ ದಿನೇ ಅಗಲವಾಗುತ್ತಿದೆ. ಆದಕಾರಣ ಹಿರಿಯರು ನೆಟ್ಟರೆಂದು ಅದೇ ಮರವನ್ನು ಎಲ್ಲೆಂದರಲ್ಲಿ ನೆಡುವುದೂ, ನರ್ಸರಿಯಲ್ಲಿ ಯಾವ ಸಸಿ ಸಿಕ್ಕಿತೋ ಅದನ್ನೇ ತಂದು ಹುಗಿಯುವುದೂ ಒಂದೇ ತೂಕದ ತಪ್ಪುಗಳು.

ಬೆಳೆಯನ್ನು ತಪ್ಪಾಗಿ ಆರಿಸಿದ ರೈತನಿಗೆ ಒಂದು ವರ್ಷದ ನಷ್ಟ. ಮರವನ್ನು ತಪ್ಪಾಗಿ ಆರಿಸಿದ ಊರಿಗೆ ಇಪ್ಪತ್ತೈದು ವರ್ಷದ ನಷ್ಟ. ತಂತಿಯ ಕೆಳಗೆ ನೆಟ್ಟ ಮಳೆಮರವು ಹತ್ತು ವರ್ಷ ಸೊಗಸಾಗಿಯೇ ಬೆಳೆಯುತ್ತದೆ. ಆಮೇಲೆ ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಲೈನಿನವರು ಬಂದು ಅದರ ನೆತ್ತಿಯನ್ನು ಕಡಿಯುತ್ತಾರೆ. ಕಡಿದ ಗಾಯದಲ್ಲಿ ನೀರಿಳಿದು ದಿಮ್ಮಿಯು ಟೊಳ್ಳಾಗುತ್ತದೆ. ಕೊನೆಗೆ ಒಂದು ಗಾಳಿಮಳೆಯ ರಾತ್ರಿ ಯಾರದಾದರೂ ಮನೆಯ ಮೇಲೆಯೋ ಕೊಟ್ಟಿಗೆಯ ಮೇಲೆಯೋ ಉರುಳುತ್ತದೆ. ಆ ದಿನದಿಂದ ಆ ಊರಿನವರಿಗೆ ಬೀದಿಯಲ್ಲಿ ಮರವೆಂದರೆ ಭಯ. ಇನ್ನೊಂದು ಸಲ ಸಸಿ ನೆಡೋಣವೆಂದರೆ ಗುಂಡಿ ತೋಡುವುದಕ್ಕೆ ಆಳು ಸಿಕ್ಕುವುದಿಲ್ಲ. ಎಷ್ಟು ಸಸಿಗಳನ್ನು ನೆಟ್ಟರೆಂಬುದು ಲೆಕ್ಕವಲ್ಲ. ನೆಟ್ಟವುಗಳಲ್ಲಿ ಎಷ್ಟು ಮರಗಳು ನೆಟ್ಟವರ ಮೊಮ್ಮಕ್ಕಳಿಗೆ ನೆರಳು ಕೊಟ್ಟವೆಂಬುದೇ ಲೆಕ್ಕ.

ರಸ್ತೆಯನ್ನು ಮೊದಲು ನೋಡಿಕೊಳ್ಳುವುದು

ಮರದ ಹೆಸರನ್ನು ಎತ್ತುವುದಕ್ಕೆ ಮೊದಲು ಗ್ರಾಮದ ಮುಖಂಡರು ನಾಲ್ಕು ಜನರನ್ನು ಕರೆದುಕೊಂಡು, ಅಳತೆಯ ಹಗ್ಗವನ್ನು ಹಿಡಿದು, ರಸ್ತೆಯ ಉದ್ದಕ್ಕೂ ಒಂದು ಸಲ ನಡೆದು ಬರತಕ್ಕದ್ದು. ಟಾರಿನ ಅಂಚಿನಿಂದ ಹೊಲದ ಬದುವಿನವರೆಗೆ ಎಷ್ಟು ಅಡಿ ನೆಲವಿದೆ, ತಂತಿಯು ಯಾವ ಮಗ್ಗುಲಲ್ಲಿ ಹೋಗಿದೆ, ಕುಡಿಯುವ ನೀರಿನ ಕೊಳವೆ ಎಲ್ಲಿ ಹೂತಿದೆ, ಮಳೆನೀರು ನಿಲ್ಲುವ ತಗ್ಗು ಯಾವುದು, ನೆಲವು ಕೆಮ್ಮಣ್ಣೋ ಎರೆಯೋ ಚೌಳೋ, ಎಂಬ ಸಂಗತಿಗಳನ್ನು ಗುರುತುಮಾಡಿಕೊಂಡರೆ ಮರದ ಆಯ್ಕೆಯು ಮುಕ್ಕಾಲು ಪಾಲು ತಾನಾಗಿಯೇ ಆಗಿಹೋಗುತ್ತದೆ. ತಿರುವಿನ ಒಳಮಗ್ಗುಲಲ್ಲಿ ಮರವನ್ನು ನೆಡಲೇಕೂಡದು. ಎದುರಿಗೆ ಬರುವ ವಾಹನವು ಕಾಣಿಸುವುದಿಲ್ಲ.

ರಸ್ತೆಯು ಯಾರ ವಶದಲ್ಲಿದೆ ಎಂಬುದನ್ನೂ ಇದೇ ಕಾಲದಲ್ಲಿ ವಿಚಾರಿಸಬೇಕು. ತನ್ನ ವಶದಲ್ಲಿರುವ ರಸ್ತೆಗಳ ಮಗ್ಗುಲಲ್ಲಿಯೂ ಇತರ ಸಾರ್ವಜನಿಕ ಜಮೀನಿನಲ್ಲಿಯೂ ಮರಗಳನ್ನು ನೆಟ್ಟು ಕಾಪಾಡುವುದು 1993ರ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯಿತಿಯ ಕೆಲಸಗಳಲ್ಲಿ ಸೇರಿದೆ. ಲೋಕೋಪಯೋಗಿ ಇಲಾಖೆಯ ರಸ್ತೆಯಾದರೆ ಆ ಇಲಾಖೆಯವರನ್ನು ಕೇಳಿ, ಮುಂದೆ ಎಷ್ಟು ಅಗಲ ಮಾಡುವ ಉದ್ದೇಶವಿದೆ ಎಂಬುದನ್ನು ತಿಳಿದುಕೊಂಡು, ಆ ಗೆರೆಯ ಆಚೆಗೆ ಗುಂಡಿ ತೋಡಬೇಕು. ಈ ಒಂದು ವಿಚಾರಣೆಗೆ ಅರ್ಧ ದಿವಸ ಸಾಕು. ಅದನ್ನು ಮಾಡದೆ ಇದ್ದುದರಿಂದ ಕೊಡಲಿಗೆ ತುತ್ತಾದ ಸಾಲುಮರಗಳು ಅಸಂಖ್ಯಾತ.

ಪಕ್ಕದ ಹೊಲದವನ ಮಾತು

ಸಾಲುಮರದ ವಿಚಾರ ಬಂದಾಗ ರಸ್ತೆಯ ಮಗ್ಗುಲಿನ ಜಮೀನುದಾರನು, "ನೆರಳು ಹಾದಿಹೋಕರಿಗೆ, ನಷ್ಟ ನನಗೆ" ಎನ್ನುವುದುಂಟು. ಈ ಮಾತನ್ನು ಹಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದೊಡ್ಡ ಮರದ ನೆರಳಿನಲ್ಲಿ ರಾಗಿಯೂ ಜೋಳವೂ ಬಡವಾಗುವುದು ನಿಜ. ಬೇರುಗಳು ಬದುವನ್ನು ದಾಟಿ ಹೊಲದ ತೇವವನ್ನು ಹೀರುವುದೂ ನಿಜ. ಹಗಲು ನೆಟ್ಟ ಸಸಿಯು ರಾತ್ರಿ ಮಾಯವಾಗುವುದಕ್ಕೂ, ಹತ್ತು ವರ್ಷದ ಮರದ ಬುಡದ ತೊಗಟೆಯು ಸುತ್ತಲೂ ಸುಲಿದು ಮರವು ನಿಂತಲ್ಲಿಯೇ ಒಣಗುವುದಕ್ಕೂ ಅನೇಕ ವೇಳೆ ಈ ಅಸಮಾಧಾನವೇ ಕಾರಣ. ಆದರೆ ಇದಕ್ಕೆ ಪರಿಹಾರವಿದೆ, ಮತ್ತು ಅದರ ಬಹುಭಾಗವು ಸೂರ್ಯನ ದಾರಿಯನ್ನು ತಿಳಿದುಕೊಳ್ಳುವುದರಲ್ಲಿದೆ.

ಮೈಸೂರು ಬೆಂಗಳೂರು ಸೀಮೆಗಳಲ್ಲಿ ಸುಮಾರು ಆಗಸ್ಟ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ನಡುಹಗಲ ಸೂರ್ಯನು ನೆತ್ತಿಯಿಂದ ದಕ್ಷಿಣಕ್ಕೆ ಇರುತ್ತಾನೆ. ಆದಕಾರಣ ಮರದ ನೆರಳು ಉತ್ತರಕ್ಕೆ ಬೀಳುತ್ತದೆ. ಮುಂಗಾರಿನ ರಾಗಿಯು ತೆನೆಗಟ್ಟುವುದೂ ಹಿಂಗಾರಿನ ಬೆಳೆಯು ಬೆಳೆಯುವುದೂ ಈ ಕಾಲದಲ್ಲಿಯೇ. ಬೇಸಿಗೆಯ ಬಿಸಿಲು ಹೆಚ್ಚುವುದೂ ಇದರ ಕೊನೆಯಲ್ಲಿಯೇ. ಹೀಗಿರುವಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯ ಉತ್ತರದ ಅಂಚಿನಲ್ಲಿ ಸಾಲು ಹಾಕಿದರೆ ನೆರಳು ರಸ್ತೆಗೆ ಬೀಳದೆ ಉತ್ತರದ ಹೊಲಕ್ಕೆ ಬೀಳುತ್ತದೆ. ಹಾದಿಹೋಕನಿಗೂ ಸುಖವಿಲ್ಲ, ರೈತನಿಗೂ ಸುಖವಿಲ್ಲ. ಅದೇ ಸಾಲನ್ನು ದಕ್ಷಿಣದ ಅಂಚಿನಲ್ಲಿ ಹಾಕಿದರೆ ನೆರಳೆಲ್ಲ ರಸ್ತೆಗೆ ಬೀಳುತ್ತದೆ, ದಕ್ಷಿಣದ ಹೊಲಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ರಸ್ತೆಯಾದರೆ ಪಶ್ಚಿಮದ ಅಂಚು ಮೇಲು. ಮಧ್ಯಾಹ್ನದ ಮೇಲಿನ ಕಡುಬಿಸಿಲನ್ನು ಆ ಸಾಲು ತಡೆಯುತ್ತದೆ. ಎರಡು ಮಗ್ಗುಲಲ್ಲಿಯೂ ನೆಡುವಷ್ಟು ನೀರು, ಆಳು, ಬೇಲಿ ಇಲ್ಲದ ಊರು ಒಂದೇ ಸಾಲನ್ನು ಸರಿಯಾದ ಮಗ್ಗುಲಲ್ಲಿ ಹಾಕಿದರೆ ಸಾಕು.

ಬೇರಿನ ವಿಚಾರದಲ್ಲಿ, ಮರವು ಐದಾರು ವರ್ಷದ್ದಾದ ಮೇಲೆ ಹೊಲದ ಬದುವಿನ ಗುಂಟ ಎರಡು ಮೂರು ಅಡಿ ಆಳದ ಕಿರುಕಾಲುವೆಯನ್ನು ತೋಡಿದರೆ ಹೊಲಕ್ಕೆ ನುಗ್ಗುವ ಮೇಲುಬೇರುಗಳು ಕಡಿದುಹೋಗುತ್ತವೆ. ಕಾಲುವೆಯು ಬುಡಕ್ಕೆ ತೀರ ಹತ್ತಿರವಾದರೆ ಮರದ ಆಧಾರವೇ ತಪ್ಪುತ್ತದೆ. ಹತ್ತು ಅಡಿಯಾದರೂ ದೂರವಿರಬೇಕು. ಇದಲ್ಲದೆ, ಮರದ ಸೊಪ್ಪನ್ನೂ ಉದುರಿದ ಎಲೆಯನ್ನೂ ಮಗ್ಗುಲಿನ ಹೊಲದವನೇ ಗೊಬ್ಬರಕ್ಕೆ ತೆಗೆದುಕೊಳ್ಳಬಹುದೆಂದು ಪಂಚಾಯಿತಿಯಲ್ಲಿ ಮೊದಲೇ ಗೊತ್ತುಮಾಡಿ ಬರೆದಿಟ್ಟರೆ, ಸಸಿಗೆ ಶತ್ರುವಾಗಬೇಕಾದವನೇ ಕಾವಲುಗಾರನಾಗುತ್ತಾನೆ.

ಯಾವ ಮರ?

ಹಳ್ಳಿಯ ದಾರಿಯಲ್ಲಿ ನೆರಳು ಬೇಕಾದದ್ದು ಮುಖ್ಯವಾಗಿ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ. ಆ ಮೂರು ತಿಂಗಳಲ್ಲಿ ಮೈಮೇಲೆ ಎಲೆ ಇಲ್ಲದ ಮರವು ಎಷ್ಟೇ ಚೆಲುವಾದ ಹೂವನ್ನು ಬಿಟ್ಟರೂ ಸಾಲುಮರವಾಗತಕ್ಕದ್ದಲ್ಲ. ಬೆಂಗಳೂರಿನ ಬೀದಿಗಳ ಹೂಮರಗಳನ್ನು ಕಂಡು ಬಂದ ತರುಣರು ತಮ್ಮ ಊರಿಗೂ ಅದೇ ಬೇಕೆನ್ನುವುದುಂಟು. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕೆಯ ತಜ್ಞರು ಒಂದು ಬಗೆಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದರು. ಅದು ಅಗಲವಾದ ಬೀದಿಗಳೂ, ಕೊಂಬೆ ಸವರುವ ನೌಕರರೂ ಇದ್ದ ಪಟ್ಟಣಕ್ಕೆ ಒಪ್ಪುವ ಕ್ರಮ. ಮರಕ್ಕೆ ಎರಡು ಕೊಡ ನೀರು ಹೊರುವುದೇ ಕಷ್ಟವಾದ ಹಳ್ಳಿಗೆ ಬೇರೆ ಕ್ರಮ ಬೇಕು.

ಬಯಲುಸೀಮೆಯ ಸಾಧಾರಣ ರಸ್ತೆಗೆ ಹೊಂಗೆಗೆ ಸಮನಾದ ಮರವಿಲ್ಲವೆಂದರೆ ಸಲ್ಲುತ್ತದೆ. ಅದು ಬಹಳ ಎತ್ತರಕ್ಕೆ ಹೋಗುವುದಿಲ್ಲ, ನೆರಳು ದಟ್ಟ. ಫೆಬ್ರವರಿ ಸುಮಾರಿಗೆ ಎಲೆ ಉದುರಿದರೂ ಬಿಸಿಲು ಬಲಿಯುವಷ್ಟರಲ್ಲಿ ಹೊಸ ಚಿಗುರು ತುಂಬಿಕೊಳ್ಳುತ್ತದೆ. ದನಕರುಗಳು ಅದರ ಎಲೆಗೆ ಸಾಮಾನ್ಯವಾಗಿ ಬಾಯಿಹಾಕುವುದಿಲ್ಲವಾದ್ದರಿಂದ ಕಾವಲಿನ ಶ್ರಮ ಕಡಿಮೆ. ಅವರೆ, ತೊಗರಿಗಳ ಜಾತಿಗೆ ಸೇರಿದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಸೊಪ್ಪು ಗದ್ದೆಗೆ ಒಳ್ಳೆಯ ಹಸಿರು ಗೊಬ್ಬರ. ಬೀಜದಿಂದ ಎಣ್ಣೆ, ಹಿಂಡಿ. ಬರವನ್ನೂ ಸ್ವಲ್ಪಮಟ್ಟಿನ ಚೌಳನ್ನೂ ಸಹಿಸುತ್ತದೆ, ಕೆರೆಯ ಏರಿಯ ಕೆಳಗಿನ ತೇವವನ್ನೂ ಸಹಿಸುತ್ತದೆ. ದೋಷವೆಂದರೆ ಬೇರಿನಿಂದ ಮರಿಗಿಡಗಳು ಏಳುವುದು ಮತ್ತು ಕೊಂಬೆಗಳು ತಗ್ಗಾಗಿ ಹರಡುವುದು. ಎರಡಕ್ಕೂ ಕುಡುಗೋಲು ಸಾಕು.

ವಿಜಯಪುರ, ರಾಯಚೂರು, ಬಳ್ಳಾರಿಗಳಂಥ ಒಣಸೀಮೆಗೆ ಬೇವು ಒಪ್ಪುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಅದು ಬದುಕುವುದಿಲ್ಲ. ಕೆಲವು ವರ್ಷಗಳಿಂದ ಬೇವಿನ ಮರಗಳಿಗೆ ಕುಡಿ ಒಣಗುವ ರೋಗವು ಕಾಣಿಸಿಕೊಳ್ಳುತ್ತಿದೆ. ಫೋಮಾಪ್ಸಿಸ್ ಎಂಬ ಬೂಷ್ಟು ಅದಕ್ಕೆ ಕಾರಣ. ಮಳೆಗಾಲದಲ್ಲಿ ತುದಿಯ ಎಲೆಗಳು ಕಂದಾಗಿ ಒಣಗುವುದನ್ನು ಕಂಡು ಮರ ಸತ್ತಿತೆಂದು ಕಡಿಯುವ ಅವಸರ ಬೇಡ. ಒಣಗಿದ ಕೊಂಬೆಗಳನ್ನು ತೆಗೆದು ಸುಟ್ಟರೆ ಬಹುಮಟ್ಟಿಗೆ ಮತ್ತೆ ಚಿಗುರುತ್ತದೆ. ಈ ರೋಗದ ದೆಸೆಯಿಂದಲೇ, ಊರಿನ ಎಲ್ಲ ರಸ್ತೆಗಳಿಗೂ ಒಂದೇ ಜಾತಿಯನ್ನು ನೆಡಬಾರದೆಂಬುದನ್ನು ನೆನಪಿಡಬೇಕು. ಒಂದು ರಸ್ತೆಗೆ ಒಂದು ಜಾತಿ, ಇನ್ನೊಂದಕ್ಕೆ ಇನ್ನೊಂದು ಎಂದು ಹಂಚಿಕೊಂಡರೆ ನೋಟಕ್ಕೂ ಚೆಂದ, ರೋಗ ಬಂದರೂ ಊರೆಲ್ಲ ಬೋಳಾಗುವುದಿಲ್ಲ.

ಹುಣಸೆಯು ಮೆಲ್ಲನೆ ಬೆಳೆದು ತಲೆಮಾರುಗಳ ಕಾಲ ಬಾಳುವ ಮರ. ಗಾಳಿಗೆ ಮುರಿಯುವುದು ಅಪರೂಪ. ಎಲೆ ಯಾವಾಗಲೂ ಇದ್ದೇ ಇರುತ್ತದೆ. ಹಣ್ಣಿನ ಹರಾಜಿನಿಂದ ಪಂಚಾಯಿತಿಗೆ ಆದಾಯವೂ ಉಂಟು. ಆದರೆ ಅದರ ಅಡಿಯಲ್ಲಿ ಬೇರೇನೂ ಬೆಳೆಯುವುದು ಕಷ್ಟ. ಆದಕಾರಣ ಅದನ್ನು ಒಳ್ಳೆಯ ಹೊಲಗಳ ಮಗ್ಗುಲಲ್ಲಿ ನೆಡದೆ, ಗೋಮಾಳ, ಕಲ್ಲುನೆಲ, ಕೆರೆಯಂಗಳದ ದಂಡೆ ಇಂಥಾ ಕಡೆ ಹಾದುಹೋಗುವ ರಸ್ತೆಗೆ ಇಟ್ಟುಕೊಳ್ಳಬೇಕು. ತೇವವಿರುವ ನೆಲಕ್ಕೆ ನೇರಳೆ ಉತ್ತಮ. ಹಣ್ಣು ಉದುರುವ ಒಂದು ತಿಂಗಳು ರಸ್ತೆಯು ಕಲೆಯಾಗಿ ಜಾರುತ್ತದೆಂಬುದನ್ನು ಬಿಟ್ಟರೆ ಅದರಲ್ಲಿ ಕುಂದಿಲ್ಲ. ಹಳ್ಳದ ದಂಡೆಗೆ ಹೊಳೆಮತ್ತಿ. ಮಲೆನಾಡಿನ ಹೆಚ್ಚು ಮಳೆಯ ಸೀಮೆಗೆ ಧೂಪದ ಮರವು ಹಿಂದಿನಿಂದ ಬಂದ ಸಾಲುಮರ. ಎಲೆ ಸದಾ ಹಸುರು, ಕಾಂಡ ನೆಟ್ಟಗೆ. ಅದನ್ನು ಬಯಲಿಗೆ ತಂದು ನೆಡುವುದು ವ್ಯರ್ಥ. ಹಲಸನ್ನು ರಸ್ತೆಯ ಮೇಲೆ ಚಾಚುವಂತೆ ನೆಡಕೂಡದು. ತೆಂಗನ್ನಂತೂ ಜನ ಓಡಾಡುವ ಬೀದಿಯಲ್ಲಿ ನೆಡುವ ಯೋಚನೆಯನ್ನೇ ಬಿಡಬೇಕು; ಕಾಯಿ ಬೀಳುವುದಕ್ಕೆ ಹೊತ್ತುಗೊತ್ತಿಲ್ಲ.

ಆಲ, ಅರಳಿ, ಬಸರಿ, ಗೋಣಿಗಳು ಹಕ್ಕಿಗಳಿಗೆ ಅನ್ನವಿಕ್ಕುವ ಮರಗಳು. ನೆರಳಿನಲ್ಲಿ ಇವನ್ನು ಮೀರಿಸುವುದು ಯಾವುದೂ ಇಲ್ಲ. ಇವಕ್ಕೆ ಬೇಕಾದದ್ದು ಸ್ಥಳ. ಮನೆಯ ಗೋಡೆ, ಬಾವಿ, ಚರಂಡಿಗಳ ಹತ್ತಿರ ಇವುಗಳ ಬೇರು ಸುಮ್ಮನಿರುವುದಿಲ್ಲ. ಟಾರಿನ ಅಂಚಿನಿಂದ ಇಪ್ಪತ್ತೈದು ಅಡಿ ನೆಲವಿದ್ದರೆ ಆಲದ ಸಾಲು ಹಾಕಬಹುದು. ಇಲ್ಲವಾದರೆ ಊರ ಮುಂದಿನ ಕಟ್ಟೆಗೂ ಗುಂಡುತೋಪಿಗೂ ಅದನ್ನು ಮೀಸಲಿಡಬೇಕು.

ಊರೊಳಗಿನ ಬೀದಿಯ ಮಾತು ಬೇರೆ. ತಂತಿಯ ಕೆಳಗೆ ಬಕುಳವು ಎಲ್ಲಕ್ಕಿಂತ ಮೇಲು. ಮೆಲ್ಲನೆ ಬೆಳೆಯುತ್ತದೆ, ಎಲೆ ಉದುರಿ ಬೋಳಾಗುವುದಿಲ್ಲ, ಹೂವಿನ ಪರಿಮಳವೂ ಉಂಟು. ಕಕ್ಕೆ, ಹೊಳೆದಾಸವಾಳ, ಮಂದಾರಗಳೂ ಅಳತೆಯಲ್ಲಿಯೇ ಇರುತ್ತವಾದರೂ ಬೇಸಿಗೆಯಲ್ಲಿ ಅವುಗಳಿಂದ ನೋಟಕ್ಕೆ ದೊರಕುವಷ್ಟು ನೆರಳಿಗೆ ದೊರಕುವುದಿಲ್ಲ. ಬೀದಿಯು ಹದಿನೈದು ಅಡಿಗಿಂತ ಕಿರಿದಾಗಿದ್ದರೆ ಅಲ್ಲಿ ಮರವನ್ನೇ ನೆಡಬಾರದು. ಅಂಥಾ ಬೀದಿಯವರು ಹಿತ್ತಲಲ್ಲಿ ನುಗ್ಗೆ, ನಿಂಬೆಗಳನ್ನು ಬೆಳೆಸಿಕೊಳ್ಳಲಿ.

ಬೇಗ ಬೆಳೆಯುತ್ತದೆಂಬ ಒಂದೇ ಗುಣಕ್ಕೆ ಜನರು ಮರುಳಾಗುವ ಮರಗಳು ಕೆಲವುಂಟು. ಮಳೆಮರವು ಅವುಗಳಲ್ಲಿ ಮುಖ್ಯ. ತಂತಿಯೂ ಮನೆಯೂ ಇಲ್ಲದ ಬಯಲಿನಲ್ಲಿ ಅದು ಚೆನ್ನ, ಬೀದಿಯಲ್ಲಿ ಅಪಾಯ. ಮಡಗಾಸ್ಕರ್ ದ್ವೀಪದಿಂದ ಬಂದ ಗುಲ್‌ಮೊಹರಿನ ಬೇರು ಮೇಲುಮೇಲಾಗಿದ್ದು ಗಾಳಿಗೆ ಬುಡಸಹಿತ ಏಳುತ್ತದೆ. ಕಡುಬೇಸಿಗೆಯ ಮೊದಲ ಭಾಗದಲ್ಲಿ ಅದಕ್ಕೆ ಎಲೆಯೇ ಇರುವುದಿಲ್ಲ. ಆಕಾಶಮಲ್ಲಿಗೆಯ ಕೊಂಬೆ ಬಲಹೀನ. ಕಂಬದಂತೆ ನಿಲ್ಲುವ ಅಶೋಕವು ಬೇಲಿಗೆ ಅಲಂಕಾರವೇ ಹೊರತು ಅದರ ನೆರಳಿನಲ್ಲಿ ಒಂದು ಕರು ಮಲಗಲಾರದು. ನೀಲಗಿರಿಯನ್ನು ನೆಡುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು. ಅಂತೂ ಅದು ಯಾವ ಕಾಲಕ್ಕೂ ನೆರಳಿನ ಮರವಾಗಿರಲಿಲ್ಲ.

ಹುಲಿಕಲ್ಲಿನ ಆಲದ ಸಾಲು

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗಿನ ಸುಮಾರು 4 ಕಿಲೋಮೀಟರ್ ರಸ್ತೆಯಲ್ಲಿ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳು ಬೆಳೆಸಿದ ಆಲದ ಮರಗಳ ಹೆಸರನ್ನು ಕೇಳದವರು ಕಡಮೆ. ಅವರಿಗೆ ಮಕ್ಕಳಿರಲಿಲ್ಲ, ಹೇಳಿಕೊಳ್ಳುವಂಥ ಆಸ್ತಿಯೂ ಇರಲಿಲ್ಲ. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2025ರಲ್ಲಿ ಅವರು ತೀರಿಕೊಂಡರು. ಗ್ರಾಮದ ಮುಖಂಡರು ಇದರಲ್ಲಿ ಗಮನಿಸಬೇಕಾದದ್ದು ಅವರ ಕೀರ್ತಿಗಿಂತ ಹೆಚ್ಚಾಗಿ ಅವರ ಕ್ರಮವನ್ನು. ಮೊದಲ ವರ್ಷ ನೆಟ್ಟದ್ದು 10 ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20 ಎಂದು ಹೇಳುತ್ತಾರೆ. ಮಳೆಗಾಲದಲ್ಲಿ ನೆಟ್ಟು, ಮುಳ್ಳಿನ ಬೇಲಿ ಕಟ್ಟಿ, ಬೇಸಿಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತು ಹೊಯ್ದರು. ಕೂಲಿ ಮಾಡಿ ಬದುಕುವ ಇಬ್ಬರು ಎಷ್ಟಕ್ಕೆ ನೀರು ಹೊರಬಲ್ಲರೋ ಅಷ್ಟನ್ನೇ ಆಯಾ ವರ್ಷ ನೆಟ್ಟರು. ಹೀಗೆ ಮುನ್ನೂರೆಂಬತ್ತಕ್ಕೂ ಹೆಚ್ಚು ಮರಗಳಾದವು. ಒಂದೇ ದಿವಸ ಸಾವಿರ ಸಸಿ ನೆಟ್ಟು ಮೆರವಣಿಗೆ ಮಾಡಿದ ಊರುಗಳ ಪೈಕಿ ಎಷ್ಟರಲ್ಲಿ ಈಗ ನೂರು ಮರಗಳಿವೆಯೋ ಎಣಿಸಿ ನೋಡಬಹುದು. ಅಷ್ಟಾದರೂ ಹುಲಿಕಲ್ಲಿನ ಸಾಲಿಗೂ 2019ರಲ್ಲಿ ರಸ್ತೆ ಅಗಲ ಮಾಡುವ ಕೆಲಸದಿಂದ ಭಯ ಬಂದಿತು. ತಿಮ್ಮಕ್ಕನವರು ಆಗಿನ ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಎಲ್ಲ ಸಾಲಿಗೂ ಅಂಥಾ ಹೆಸರಿನ ಬಲವಿರುವುದಿಲ್ಲವಾದ್ದರಿಂದಲೇ ಮೊದಲೇ ಹಿಂದಕ್ಕೆ ಸರಿದು ನೆಡಬೇಕೆಂದು ಮೇಲೆ ಹೇಳಿದ್ದು.

ಬೀಜ, ಗುಂಡಿ, ಕಾವಲು

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಳೆಗಾಲಕ್ಕೆ ಮುಂಚೆ ಸಸಿಗಳು ದೊರಕುತ್ತವೆ. ಊರಿನಲ್ಲಿಯೇ ಬೆಳೆಸಿಕೊಳ್ಳುವವರು ಬೀಜದ ಸ್ವಭಾವವನ್ನು ತಿಳಿದಿರಬೇಕು. ಬೇವು, ನೇರಳೆ, ಧೂಪಗಳ ಬೀಜವು ಬಹುಬೇಗ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಣ್ಣು ಉದುರಿದ ವಾರದಲ್ಲಿಯೇ ತಿರುಳನ್ನು ತೊಳೆದು ಬಿತ್ತಬೇಕು. ಹೊಂಗೆಯದೂ ಹುಣಸೆಯದೂ ಕೆಲವು ತಿಂಗಳು ಇಟ್ಟರೂ ಕೆಡುವುದಿಲ್ಲ. ಆಲಕ್ಕೆ ಬೀಜದ ಗೊಡವೆ ಬೇಡ. ತೋಳುಗಾತ್ರದ, ಆರೆಂಟು ಅಡಿ ಉದ್ದದ ಕೊಂಬೆಯನ್ನು ಮುಂಗಾರಿನ ಆರಂಭದಲ್ಲಿ ಎರಡು ಅಡಿ ಆಳಕ್ಕೆ ಹೂತರೆ ಚಿಗುರುತ್ತದೆ.

ರಸ್ತೆಗೆ ನೆಡುವ ಸಸಿಯು ಆಳೆತ್ತರವಿರಬೇಕು. ಮೊಳದುದ್ದದ ಸಸಿಯು ಆಡಿನ ಬಾಯಿಗೆ ಸರಿ. ಗುಂಡಿಯನ್ನು ಮಾರ್ಚ್ ಏಪ್ರಿಲ್‌ನಲ್ಲಿಯೇ ಮೂರಡಿ ಉದ್ದ, ಅಗಲ, ಆಳಕ್ಕೆ ತೋಡಿ ಬಿಸಿಲು ಕುಡಿಯಲು ಬಿಟ್ಟು, ಮೊದಲ ಮಳೆಗೆ ಮೇಲ್ಮಣ್ಣನ್ನೂ ಕೊಟ್ಟಿಗೆಯ ಗೊಬ್ಬರವನ್ನೂ ಬೆರಸಿ ತುಂಬತಕ್ಕದ್ದು. ಗೆದ್ದಲಿನ ಕಾಟವಿದ್ದಲ್ಲಿ ಒಂದು ಸೇರು ಬೇವಿನ ಹಿಂಡಿಯನ್ನು ಸೇರಿಸಬಹುದು. ಸಸಿಯನ್ನು ಇಡುವಾಗ ಪ್ಲಾಸ್ಟಿಕ್ಕಿನ ಚೀಲವನ್ನು ಪೂರ್ತಿಯಾಗಿ ಹರಿದು ತೆಗೆಯಬೇಕು. ಇದನ್ನು ಹೇಳುವುದೇ ಅನಾವಶ್ಯಕವೆನಿಸಬಹುದು. ಆದರೆ ಸತ್ತ ಸಸಿಗಳನ್ನು ಕಿತ್ತು ನೋಡಿದರೆ ಅನೇಕ ಕಡೆ ಚೀಲವು ಹಾಗೆಯೇ ಇರುತ್ತದೆ. ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡ ಬೇರಿದ್ದರೆ ಹರಿತವಾದ ಚಾಕುವಿನಿಂದ ಕತ್ತರಿಸಬೇಕು.

ಹೊಂಗೆಗೆ ಗಿಡದಿಂದ ಗಿಡಕ್ಕೆ 25 ಅಡಿ, ಬೇವಿಗೆ 30, ಹುಣಸೆಗೆ 40, ಆಲಕ್ಕೆ 60 ಅಡಿ ಅಂತರವಿರಲಿ. ಸಸಿ ಚಿಕ್ಕದಾಗಿದ್ದಾಗ ಈ ಅಂತರವು ವಿಪರೀತವೆಂದು ತೋರಿ ನಡುವೆ ಇನ್ನೊಂದನ್ನು ನೆಡುವ ಆಸೆ ಹುಟ್ಟುತ್ತದೆ. ಆ ಆಸೆಗೆ ಸೋಲಬಾರದು. ಜಾಲಿಯ ಮುಳ್ಳನ್ನೋ ಕಾರೆಯ ಮುಳ್ಳನ್ನೋ ಆಳೆತ್ತರಕ್ಕೆ ಸುತ್ತಲೂ ಕಟ್ಟಬೇಕು. ಜನವರಿಯಿಂದ ಮುಂಗಾರಿನವರೆಗೆ ವಾರಕ್ಕೆ ಎರಡು ಕೊಡ ನೀರು, ಮೂರು ಬೇಸಿಗೆ. ಬುಡದ ಪಕ್ಕದಲ್ಲಿ ತಳಕ್ಕೆ ತೂತು ಮಾಡಿ ಬತ್ತಿ ಸಿಕ್ಕಿಸಿದ ಹಳೆಯ ಮಡಕೆಯನ್ನು ಹೂತು ಅದಕ್ಕೆ ನೀರು ತುಂಬಿದರೆ ಅರ್ಧ ನೀರು ಉಳಿಯುತ್ತದೆ.

ಮೂರು ವರ್ಷದ ಮೇಲೆ ಕೆಳಗಿನ ಕೊಂಬೆಗಳನ್ನು ವರ್ಷಕ್ಕೆ ಎರಡೋ ಮೂರೋ ತೆಗೆಯುತ್ತಾ, ಹುಲ್ಲಿನ ಗಾಡಿಯೂ ಕಬ್ಬಿನ ಲಾರಿಯೂ ತಗಲದಂತೆ ರಸ್ತೆಯ ಕಡೆ ಹದಿನೆಂಟು ಅಡಿಯವರೆಗೆ ಎತ್ತರಿಸಬೇಕು. ಕಾಂಡಕ್ಕೆ ಮೋಟು ಬಿಡದೆ, ಕಾಂಡದ ತೊಗಟೆಗೂ ಗಾಯವಾಗದೆ, ಕೊಂಬೆಯ ಬುಡದ ಉಬ್ಬಿನ ಹೊರಗೆ ಗರಗಸದಿಂದ ಕೊಯ್ಯತಕ್ಕದ್ದು, ಮಚ್ಚಿನಿಂದ ಕೊಚ್ಚಕೂಡದು. ಬೀದಿಗೆ ಸಿಮೆಂಟು ಹಾಕುವ ಗುತ್ತಿಗೆದಾರರು ಮರದ ಬುಡಕ್ಕೆ ಒತ್ತಿ ಹಾಕದಂತೆ ನಿಂತು ನೋಡಿಕೊಳ್ಳಬೇಕು. ಸುತ್ತಲೂ ಮೂರು ನಾಲ್ಕು ಅಡಿ ಮಣ್ಣು ಬಯಲಾಗಿರದಿದ್ದರೆ ಬೇರಿಗೆ ನೀರೂ ಗಾಳಿಯೂ ಇಳಿಯುವುದಿಲ್ಲ. ಬೆಳೆದ ಮರವನ್ನು ಕಡಿಯುವ ಪ್ರಸಂಗ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ವೃಕ್ಷಾಧಿಕಾರಿಯ ಅಪ್ಪಣೆ ಪಡೆಯಬೇಕೆಂಬುದನ್ನು ಊರಿನವರೆಲ್ಲರಿಗೂ ತಿಳಿಸಿರಬೇಕು.

ನೂರು ಸಸಿ ನೆಡುವವರು ಅದೇ ಒಟ್ಟಿನ ಹದಿನೈದು ಸಸಿಗಳನ್ನು ಯಾರದಾದರೂ ಬಾವಿಯ ಹತ್ತಿರ ದೊಡ್ಡ ಚೀಲಗಳಲ್ಲಿ ಉಳಿಸಿಕೊಂಡಿರಬೇಕು. ಸಾಲಿನಲ್ಲಿ ಒಂದು ಸತ್ತರೆ ಮುಂದಿನ ಜೂನ್ ತಿಂಗಳಿನಲ್ಲಿ ಆ ಗುಂಡಿಗೆ ಅದೇ ವಯಸ್ಸಿನ ಸಸಿಯನ್ನು ತಂದು ಇಡಬಹುದು. ಎರಡು ವರ್ಷ ತಡಮಾಡಿದರೆ ಮಗ್ಗುಲಿನ ಮರಗಳ ನೆರಳಿನಲ್ಲಿ ಹೊಸ ಸಸಿಯು ಮೇಲೇಳುವುದಿಲ್ಲ.